ಚುಕ್ಕೆ ಇಟ್ಟ ಮರ

೯ ಜನವರಿ

ಅಣ್ಣನವರಿಗೆ ನಮಸ್ಕಾರಗಳು.

ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೇಗೆ ಹೋಗುತ್ತಿದೆಯೆಂದು ಕೇಳಿದ್ದಿರಿ. ಮೂವತ್ತೊಂದು ವರ್ಷ ಊರಿನವರ ಅಳತೆ ತೆಗೆದು ಬಟ್ಟೆ ಹೊಲಿದೆ. ಈಗ ಅಳತೆಗೆ ಸಿಕ್ಕದವರ ಸೇವೆಯಲ್ಲಿದ್ದೇನೆ. ಹಿತ್ತಲಲ್ಲಿ ನೆಲ ಕೆರೆಸುವುದನ್ನೂ ಎಲೆ ಗುಡಿಸಿ ಸುಡುವುದನ್ನೂ ನಿಲ್ಲಿಸಿ ಒಂದೂವರೆ ವರ್ಷವಾಯಿತು. ಬಟ್ಟೆ ಒಗೆಯುವ ಹಳೆಯ ತೊಟ್ಟಿಯನ್ನು ನೆಲಕ್ಕೆ ಸಮನಾಗಿ ಹೂಳಿಸಿ ನೀರು ತುಂಬಿದೆ. ಕರೆಯದೆಯೇ ಕಪ್ಪೆಗಳು ಬಂದವು. ಸವರಿದ ಕೊಂಬೆಗಳನ್ನು ಮೂಲೆಯಲ್ಲಿ ಒಟ್ಟಿದ್ದೇನೆ. ಅದರಲ್ಲಿ ಯಾರು ಯಾರು ಒಕ್ಕಲಿದ್ದಾರೋ ನನಗೇ ಗೊತ್ತಿಲ್ಲ. ಚಿಟ್ಟೆಗಳಿಗೆಂದು ಬೇಲಿಗೆ ಹೂಬಳ್ಳಿ ಹಬ್ಬಿಸಿದ್ದೇನೆ. ಸಿಡಿಲು ಬಡಿದು ಸತ್ತ ಆ ದೊಡ್ಡ ಮರವನ್ನು ಮಾತ್ರ ಮುಟ್ಟಲಿಲ್ಲ. ಮರಕುಟಿಗ ಅದರ ಮೈಯಲ್ಲಿ ಮೂರು ತೂತು ಕೊರೆದಿದೆ. ಮುರಿದ ಕೊಂಬೆಯ ಬುಡದಲ್ಲಿ ತಾನಾಗಿಯೇ ಒಂದು ದೊಡ್ಡ ಪೊಟರೆ ಬಿದ್ದಿದೆ.

ಪಕ್ಕದ ಮನೆಯ ದಾದಿ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು ದಿನವೂ ಗೋಡೆಯ ಮೇಲಿಂದ ಇಣುಕುತ್ತಿದ್ದಳು. ಕತ್ತು ನೋಯಿಸಿಕೊಳ್ಳುವುದೇಕೆಂದು ಗೋಡೆ ಒಡೆಸಿ ಒಂದು ಸಣ್ಣ ಬಾಗಿಲು ಇಡಿಸಿದೆ. ಅದಕ್ಕೆ ಬೀಗವಿಲ್ಲ. ಬೀದಿಯವರು ಯಾರು ಬೇಕಾದರೂ ಬಂದು ಕಲ್ಲುಬೆಂಚಿನ ಮೇಲೆ ಕೂರಬಹುದು. ಮಾತು ಮೆಲ್ಲಗಿರಬೇಕು, ಅಷ್ಟೆ. ಎದುರುಮನೆಯ ಬಸ್ ಕಂಡಕ್ಟರು ಮಾತ್ರ ಕಾಲಿಡುವುದಿಲ್ಲ. ಮೊನ್ನೆ ಬೀದಿಯಲ್ಲೇ ನಿಂತು, "ಏನಕ್ಕಾ, ಅಂಗಿ ಹೊಲಿಯೋದು ಬಿಟ್ಟು ಹಾವಿಗೆ ಹಾಸಿಗೆ ಹೊಲೀತಿದ್ದೀರಂತೆ?" ಎಂದರು. "ಅದಿನ್ನೂ ಅಳತೆ ಕೊಡೋಕೆ ಬಂದಿಲ್ಲ ಕಣಪ್ಪ, ಬಂದ್ರೆ ಹೊಲೀತೀನಿ" ಎಂದೆ.

ಇದಕ್ಕೆ ಹೆಸರಿನ ಹಲಗೆಯೊಂದನ್ನು ಹಾಕಬೇಕೆಂದಿದ್ದೇನೆ. "ವನ್ಯಜೀವಿ ಆವಾಸಸ್ಥಾನ ಅಂತ ಬರೆಸಿ ಅಕ್ಕ, ಗತ್ತಾಗಿರುತ್ತೆ" ಎನ್ನುತ್ತಾಳೆ ದಾದಿ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು ನೀವು. ಸರಿಯೆ, ತಪ್ಪೆ, ತಿಳಿಸಿ.

ನಿಮ್ಮ ತಂಗಿ


೨೪ ಜನವರಿ

ಸೂಜಿಗೆ ಆಶೀರ್ವಾದಗಳು. (ಅರವತ್ತು ದಾಟಿದವಳನ್ನು ಹೀಗೆ ಕರೆಯುವುದು ತರವಲ್ಲ. ಆದರೆ ಈ ಹೆಸರನ್ನು ನೀನು ಇನ್ನೂ ಕಳೆದುಕೊಂಡಿಲ್ಲ.)

ಮೊದಲು ತಪ್ಪುಗಳು. 'ಹಿತ್ತಲಲ್ಲಿ' ಎಂದು ಬರೆದಿದ್ದೀಯೆ. 'ಹಿತ್ತಲಿನಲ್ಲಿ' ಎಂದರೆ ಕಿವಿಗೂ ಹಿತ, ವ್ಯಾಕರಣಕ್ಕೂ ಹಿತ. 'ನಿರ್ವಾಹಕ' ಎಂಬ ಒಳ್ಳೆಯ ಮಾತಿರುವಾಗ 'ಕಂಡಕ್ಟರು' ಎಂದಿದ್ದೀಯೆ; ಆತನ ಮಾತಿನ ವರಸೆ ನೋಡಿದರೆ ಅದೇ ತಕ್ಕದ್ದೆನಿಸಿ ಕ್ಷಮಿಸಿದ್ದೇನೆ. ಮೂರನೆಯದು ತಪ್ಪಲ್ಲ, ಅನ್ಯಾಯ. ಮರ ಸತ್ತಿತೆಂದು ಬರೆದಿದ್ದೀಯೆ. ಅದರೊಳಗೆ ಇಷ್ಟೊಂದು ಸಂಸಾರಗಳು ನಡೆಯುತ್ತಿರುವಾಗ ಅದು ಸತ್ತದ್ದು ಹೇಗೆ? 'ಒಣಮರ' ಎನ್ನು.

'ವನ್ಯಜೀವಿ ಆವಾಸಸ್ಥಾನ' ತಪ್ಪಲ್ಲ. ಆದರೆ ಅದು ಕಡತದ ಮಾತು. ವನ್ಯವೆಂದರೆ ಕಾಡಿಗೆ ಸೇರಿದ್ದು. ನಿನ್ನ ಕಪ್ಪೆ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಹುಟ್ಟಿದ್ದು. 'ನೆಲೆ' ಎಂದು ಎರಡೇ ಅಕ್ಷರ ಬರೆಸು. ನೆಲೆ ಸಿಕ್ಕಿತು, ನೆಲೆ ನಿಂತಿತು, ನೆಲೆ ತಪ್ಪಿತು ಎನ್ನುತ್ತೇವೆ. ಬಾಳಿನಲ್ಲಿ ಆಗುವುದೆಲ್ಲ ಈ ಎರಡಕ್ಷರದ ಸುತ್ತಲೇ.

ಕಂಡದ್ದನ್ನು ಚೆನ್ನಾಗಿ ಬರೆದಿದ್ದೀಯೆ. ಮುಂದಿನ ಪತ್ರದಲ್ಲಿ ಕೇಳಿಸಿದ್ದನ್ನು ಬರೆ. ಆ ಕಲ್ಲುಬೆಂಚಿನ ಮೇಲೆ ಒಬ್ಬನು ಬೆಳಗಿನಿಂದ ಸಂಜೆಯವರೆಗೆ ಕಣ್ಣು ಮುಚ್ಚಿ ಕುಳಿತರೆ ಯಾವ ಹೊತ್ತಿಗೆ ಯಾವ ದನಿ ಕೇಳಿಸೀತು? ದೂರವಾಣಿಯಲ್ಲಿ ಹೇಳಬೇಡ, ಅಲ್ಲಿ ಆಡಿದ್ದನ್ನು ತಿದ್ದಲಾಗುವುದಿಲ್ಲ.

ಅಣ್ಣ


೧೦ ಫೆಬ್ರುವರಿ

ಅಣ್ಣನವರಿಗೆ ನಮಸ್ಕಾರಗಳು.

'ನೆಲೆ' ಎಂದೇ ಬರೆಸಿದೆ. ಅದರ ಕೆಳಗೆ ದಾದಿ ನನ್ನನ್ನು ಕೇಳದೆಯೇ 'ಎಲ್ಲರದೂ' ಎಂದು ಸೇರಿಸಿದ್ದಾಳೆ. ಅಳಿಸಲು ಮನಸ್ಸಾಗಲಿಲ್ಲ.

ಕಂಡದ್ದನ್ನು ಬರೆದರೆ ಕೇಳಿಸಿದ್ದನ್ನು ಕೇಳುತ್ತೀರಿ. ಇದೂ ನಿಮ್ಮ ಪರೀಕ್ಷೆಗಳಲ್ಲಿ ಒಂದಿರಬೇಕೆಂದು ಎರಡು ದಿನ ಕಾಗದ ಹಿಡಿದು ಬೆಂಚಿನ ಮೇಲೆ ಕುಳಿತೆ. ಉತ್ತರ ಹೀಗಿದೆ. ಬೆಳಗಾಗುವಾಗ ಕಾಗೆಗಳ ಜಗಳ. ಅದು ಮುಗಿಯುತ್ತಲೇ ಅಳಿಲಿನದು. ಬಿಸಿಲೇರಿದಾಗ ಮರಕುಟಿಗ, ಬೇರೆಯವರ ಮನೆಯ ಬಾಗಿಲು ತಟ್ಟುವವನಂತೆ ಮೂರು ಸಲ ತಟ್ಟಿ ಸುಮ್ಮನಾಗಿ ಕಾಯುತ್ತದೆ. ನಡುಹಗಲು ಬಳ್ಳಿಯಲ್ಲಿ ಜೇನಿನ ಗುಂಯ್ಗುಡುವಿಕೆ, ದೂರದಲ್ಲೆಲ್ಲೋ ಹೊಲಿಗೆ ಮೆಷಿನ್ ಓಡುತ್ತಿರುವ ಹಾಗೆ. ಒಣಗಿದ ಎಲೆಯ ಮೇಲೆ ಓತಿ ಓಡಿದರೆ ಹೊಸ ಬಟ್ಟೆ ಹರಿದಂತಾಗುತ್ತದೆ. ನಮ್ಮ ಮನೆಯವರು ಬದುಕಿದ್ದಾಗ ಸೈಕಲ್ ರಿಪೇರಿಗೆಂದು ಕಟ್ಟಿಕೊಂಡಿದ್ದ ತಗಡಿನ ಶೆಡ್ಡಿನ ಕೆಳಗೆ ಒಂದು ಕೇರೆಹಾವಿದೆ. ಅದು ಹರಿಯುವುದು ಕೇಳಿಸುವುದೇ ಇಲ್ಲ, ಆದರೆ ಆಗ ಮಿಕ್ಕೆಲ್ಲ ದನಿಗಳೂ ನಿಂತುಬಿಡುತ್ತವೆ. ಸಂಜೆಗೆ ಕಪ್ಪೆಗಳು.

ಒಂದು ಸುದ್ದಿ. ಹೋದ ವಾರ ಒಣಮರದ ದೊಡ್ಡ ಪೊಟರೆಗೆ ಒಂದು ಜೋಡಿ ಗೂಬೆ ಬಂದಿವೆ. ಬೆಳಕು ಕುಂದುವಾಗ ಒಂದು ಕೂಗುತ್ತದೆ, ಇನ್ನೊಂದು ಬೈಯುತ್ತದೆ. ಕಂಡಕ್ಟರು ಬಸ್ಸಿನಲ್ಲೆಲ್ಲ, "ಊರಲ್ಲಿ ಬೇರೆಯೋರ ತಲೆ ಮೇಲೆ ಗೂಬೆ ಕೂರಿಸ್ತಾರೆ, ನಮ್ಮಕ್ಕ ನೋಡಿ, ಮನೆ ಕಟ್ಟಿಕೊಟ್ಟು ಕೂರಿಸಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಪರೀಕ್ಷೆಯಲ್ಲಿ ಎಷ್ಟು ಬಂತು, ಬರೆಯಿರಿ.

ನಿಮ್ಮ ತಂಗಿ


೬ ಮಾರ್ಚ್

ಸೂಜಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಅಕ್ಷರಗಳು ದಪ್ಪನಾಗಿ, ಸಾಲು ಓರೆಯಾಗಿ ಕಂಡರೆ ಅಚ್ಚರಿಪಡಬೇಡ. ಲೇಖನಿ ಹೊಸದು, ಮೂತಿ ಒರಟು. ನಿನ್ನ ಪತ್ರವನ್ನು ಕೆಳಗಿನ ಔಷಧಿ ಅಂಗಡಿಯಾಕೆಯಿಂದ ಓದಿಸಿ ಕೇಳಿದೆ. ದನಿಗಳ ಪತ್ರವನ್ನು ದನಿಯಲ್ಲೇ ಕೇಳಬೇಕಲ್ಲವೆ? ಎರಡು ಸಲ ಓದಿಸಿದೆ. "ಇನ್ನೊಂದ್ಸಲಾನಾ ಸ್ವಾಮಿ? ಅಂಗಡೀಲಿ ಜನ ನಿಂತಿದ್ದಾರೆ" ಎಂದು ನಕ್ಕಳು, ಆದರೂ ಓದಿದಳು.

ಒಂದು ತಪ್ಪೂ ಕಾಣಲಿಲ್ಲ.

ಹಿತ್ತಲ ಕಡೆಯ ಕೋಣೆಯಲ್ಲಿ ಈಗ ಏನಿಟ್ಟಿದ್ದೀಯೆ? ಸುಮ್ಮನೆ ಕೇಳಿದೆ.

ಅಣ್ಣ


೧೫ ಮಾರ್ಚ್

ಅಣ್ಣನವರಿಗೆ ನಮಸ್ಕಾರಗಳು.

ಒಂದು ತಪ್ಪೂ ಕಾಣಲಿಲ್ಲವೆಂದು ನೀವು ಬರೆದ ಸಾಲನ್ನು ದಾದಿಗೆ ತೋರಿಸಿದೆ. ನನಗೆ ಬರೆಯಲು ಬಂದಂದಿನಿಂದ ಇದು ಮೊದಲನೆಯ ಸಲ. ಹಿತ್ತಲ ಕೋಣೆಯಲ್ಲಿ ಅಂಗಡಿಯಿಂದ ತಂದ ಚಿಂದಿಯ ಮೂಟೆಗಳಿವೆ. ಅಲ್ಲಿಗೆ ಯಾರು ಬರಬೇಕಾಗಿದೆ?

ಈಗ ತೊಂದರೆಯ ಮಾತು. ಕೇರೆಹಾವು ಬೀದಿ ದಾಟಿ ಕಂಡಕ್ಟರ ಮೆಟ್ಟಿಲಿಗೆ ಹೋಯಿತು. ಅವರು ಪುರಸಭೆಗೆ ದೂರು ಕೊಟ್ಟರು. ಮೊನ್ನೆ ಆರೋಗ್ಯ ನಿರೀಕ್ಷಕರು ಬಂದಿದ್ದರು. ಕೆಟ್ಟವರಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತೂ ಇದ್ದರು. "ಅಮ್ಮಾ, ನಿಮ್ಮ ಕಪ್ಪೆ ಮೇಲೆ ನನಗೇನೂ ಹಗೆ ಇಲ್ಲ. ದೂರು ಬಂದ ಮೇಲೆ ನಾನೊಂದು ಕಾಗದ ತೋರಿಸ್ಬೇಕಲ್ಲ? ಯಾವುದು ಇಟ್ಕೋತೀರಿ, ಯಾವುದು ತೆಗೀತೀರಿ, ಒಂದು ನಕ್ಷೆ ಮಾಡಿ ಕೊಡಿ. ಎಲ್ಲಾನೂ ಇಟ್ಕೋತೀನಿ ಅಂದ್ರೆ ಮೇಲಿನವರು ಒಪ್ಪಲ್ಲ" ಎಂದರು. ಏಪ್ರಿಲ್ ಹದಿನೈದರವರೆಗೆ ಗಡುವು. ಮನೆ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿಯೂ ಬೇಕು.

ಅಂಗಿಯ ಅಳತೆ ಬರೆಯುತ್ತಿದ್ದ ಕಂದು ಕಾಗದದ ಮೇಲೆ ಹಿತ್ತಲನ್ನು ಬರೆದು ಇದರೊಡನೆ ಕಳುಹಿಸಿದ್ದೇನೆ. ಏಳು ಹೆಸರುಗಳಿವೆ: ಒಣಮರ, ತೊಟ್ಟಿ, ಕೊಂಬೆಯ ರಾಶಿ, ಬಳ್ಳಿಬೇಲಿ, ತಗಡಿನ ಶೆಡ್ಡು, ಇಟ್ಟಿಗೆಯ ಗುಡ್ಡೆ, ಬಚ್ಚಲ ನೀರಿನ ಗುಂಡಿ. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ನನ್ನಿಂದ ತೀರ್ಮಾನಿಸಲಾಗದು. ನೀವೇ ಗುರುತು ಮಾಡಿ ಕಳುಹಿಸಿ.

ಹೆಣ್ಣು ಗೂಬೆ ಎರಡು ವಾರದಿಂದ ಪೊಟರೆ ಬಿಟ್ಟು ಹೊರಗೆ ಬಂದಿಲ್ಲ. ಮೊಟ್ಟೆ ಇಟ್ಟಿರಬೇಕು. ದಾದಿ ಅದರ ಹೆರಿಗೆಯ ದಿನವನ್ನು ಬೆರಳು ಮಡಿಸಿ ಎಣಿಸುತ್ತಿದ್ದಾಳೆ.

ನಿಮ್ಮ ತಂಗಿ


೧ ಏಪ್ರಿಲ್

ಸೂಜಿಗೆ ಆಶೀರ್ವಾದಗಳು.

ಗುರುತುಗಳು ನಕ್ಷೆಯ ಮೇಲಿವೆ, ಸಹಿ ಕೆಳಗಿದೆ. ಎರಡೇ ಬಗೆಯ ಗುರುತು: ಹೊಡೆದ ಗೆರೆ, ಇಟ್ಟ ಚುಕ್ಕೆ. ನಲವತ್ತು ವರ್ಷಗಳಲ್ಲಿ ಇವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಕಚೇರಿಯವರೊಡನೆ ವಾದಕ್ಕೆ ನಿಲ್ಲಬೇಡ. ಅವರಿಗೂ ಏನಾದರೂ ಬಿಟ್ಟುಕೊಟ್ಟರೆ ಮಿಕ್ಕದ್ದು ಮಿಗುತ್ತದೆ. ಹೋಗಲೆಂದು ಗುರುತು ಮಾಡಿದವು ಮೂರ್ನಾಲ್ಕಿವೆ. ಅವುಗಳಲ್ಲಿ ಒಂದು ನಿನಗೆ ಬಹಳ ಬೇಕಾದದ್ದು. ತಿಳಿದೇ ಮಾಡಿದ್ದೇನೆ. ಮನಸ್ಸು ಗಟ್ಟಿ ಮಾಡಿಕೊ.

ತಿರುಗಿ ಕೇಳಿ ಬರೆಯಬೇಡ. ಒಮ್ಮೆ ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು ನಿನ್ನ ಚಿಕ್ಕಂದಿನ ಚಾಳಿ.

ಅಣ್ಣ


೧೪ ಏಪ್ರಿಲ್

ಅಣ್ಣನವರಿಗೆ ನಮಸ್ಕಾರಗಳು.

ನೀವು ಗುರುತು ಮಾಡಿದಂತೆಯೇ ಎಲ್ಲವನ್ನೂ ಮಾಡಿಸಿದ್ದೇನೆ. ಹನ್ನೆರಡನೆಯ ತಾರೀಖು ಆಳುಗಳು ಬಂದಿದ್ದರು. ನಿನ್ನೆ ನಿರೀಕ್ಷಕರು ನೋಡಿ, "ಈಗ ಅಚ್ಚುಕಟ್ಟಾಯ್ತಮ್ಮ" ಎಂದು ಮೊಹರು ಒತ್ತಿಕೊಟ್ಟರು.

ಬೇರೆ ವಿಶೇಷವಿಲ್ಲ. ಆರೋಗ್ಯವಾಗಿದ್ದೇನೆ.

ನಿಮ್ಮ ತಂಗಿ


೨೭ ಏಪ್ರಿಲ್

ಸೂಜಿಗೆ ಆಶೀರ್ವಾದಗಳು.

ನಿನ್ನ ಪತ್ರ ಇಷ್ಟು ಗಿಡ್ಡವಾದದ್ದೇಕೆಂದು ತಿಳಿಯಿತು. ಅದನ್ನು ಕೀಳಿಸುವಾಗ ನಿನಗೆ ಹೇಗಾಗಿರಬೇಕೆಂದು ಬಲ್ಲೆ. ನನ್ನ ಮೇಲೆ ಮುನಿಸಿದ್ದರೆ ಇರಲಿ. ಹೋದದ್ದು ಹೋಯಿತು, ಉಳಿದದ್ದನ್ನು ನೋಡು. ಗೂಬೆಯ ಸಂಸಾರ ಹೇಗಿದೆ? ಮರಿಗಳು ಎಷ್ಟು? ಅವು ಹಸಿದಾಗ ಯಾವ ದನಿ ಮಾಡುತ್ತವೆ? ಅದನ್ನು ಬರೆಯದೆ ಬರಿಯ 'ಆರೋಗ್ಯವಾಗಿದ್ದೇನೆ' ಎಂದರೆ ಏನು ಬಂತು?

ಇನ್ನೊಂದು ಮಾತು. ಹಿತ್ತಲ ಕೋಣೆಯ ಮೂಟೆಗಳನ್ನು ತೆಗೆಸು. ಜೂನ್ ತಿಂಗಳಲ್ಲಿ ಬರುತ್ತೇನೆ. ಬಂದರೆ ಬೇಗ ಹೊರಡುವವನಲ್ಲ. ಕಾರಣ ಏನೂ ಇಲ್ಲ. ಈ ಊರಿನಲ್ಲಿ ತಿದ್ದುವುದಕ್ಕೆ ಇನ್ನೇನೂ ಉಳಿದಿಲ್ಲ. ಕಿಟಕಿಯ ಬಳಿ ಒಂದು ಮಂಚ ಇದ್ದರೆ ಸಾಕು. ಕಿಟಕಿ ಮರದ ಕಡೆಗೆ ಇರಲಿ.

ಅಣ್ಣ


೨೧ ಮೇ

ಅಣ್ಣನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಹಿತ್ತಲ ಕೋಣೆಯ ಗೋಡೆ ತೇವ ಹಿಡಿದಿದೆ. ಗಾರೆಯವರು ಇವತ್ತು, ನಾಳೆ ಎನ್ನುತ್ತಿದ್ದಾರೆ. ಜೂನ್ ಬೇಡ. ಜುಲೈಯೂ ಕಷ್ಟ. ನಾನೇ ತಿಳಿಸುತ್ತೇನೆ.

ಗೂಬೆಗಳು ಇತ್ತೀಚೆಗೆ ಕಾಣುತ್ತಿಲ್ಲ. ಬಿಸಿಲಿಗೆ ಬೇರೆ ಕಡೆ ಹೋಗಿರಬಹುದು.

ನಿಮ್ಮ ತಂಗಿ


೩ ಜೂನ್

ತಂಗಿಗೆ,

ಪತ್ರ ತಲುಪಿತು. ತೇವದ ಗೋಡೆಯ ವಿಚಾರ ತಿಳಿಯಿತು. ಗೋಡೆ ಒಣಗುವುದಕ್ಕೆ ಎರಡು ತಿಂಗಳು ಹಿಡಿಯುವ ಊರು ಅದಲ್ಲ. ಆ ಊರಿನಲ್ಲಿ ನಾನೂ ಹುಟ್ಟಿದ್ದೇನೆ.

ಕಪ್ಪೆಗೆ ತೊಟ್ಟಿ ಕೊಟ್ಟೆ, ಗೂಬೆಗೆ ಮರ ಕೊಟ್ಟೆ, ದಾದಿಗೆ ಗೋಡೆ ಒಡೆದು ಬಾಗಿಲು ಕೊಟ್ಟೆ. 'ಎಲ್ಲರದೂ' ಎಂದು ಹಲಗೆಯಲ್ಲಿ ಬರೆಸಿದೆ. ಆ ಎಲ್ಲರಲ್ಲಿ ನಾನು ಸೇರಿಲ್ಲವೆಂಬುದನ್ನೂ ಅಲ್ಲಿಯೇ ಸೇರಿಸಿದ್ದರೆ, ಮಂಚದ ಮಾತೆತ್ತಿ ನಗೆಗೀಡಾಗುತ್ತಿರಲಿಲ್ಲ. ಮುದುಕನೊಬ್ಬನನ್ನು ಮನೆಗೆ ಸೇರಿಸಿಕೊಳ್ಳುವುದು ಸುಲಭವಲ್ಲ. ಅದನ್ನು ನೇರವಾಗಿ ಬರೆಯಬಹುದಿತ್ತು. ನೇರವಾದ ವಾಕ್ಯಕ್ಕೆ ನಾನು ಎಂದೂ ಸಿಟ್ಟಾದವನಲ್ಲ.

ಇಲ್ಲಿಯೇ ಒಂದು ವೃದ್ಧಾಶ್ರಮದಲ್ಲಿ ಹೆಸರು ಬರೆಸಿದ್ದೇನೆ. ಆಗಸ್ಟ್ ಒಂದರಿಂದ ಅಲ್ಲಿರುತ್ತೇನೆ. ಅಲ್ಲಿನ ಕಿಟಕಿಗಳು ರಸ್ತೆಯ ಕಡೆಗಿವೆ. ಇದಕ್ಕೆ ಉತ್ತರ ಬೇಡ.

ಅಣ್ಣ


೧೨ ಜೂನ್

ಅಣ್ಣ,

ಬರೆಸಿದ ಹೆಸರನ್ನು ತೆಗೆಸಿ. ಮೊದಲು ಇದನ್ನು ಓದಿ.

ಹಿತ್ತಲಿನಲ್ಲಿ ಒಣಮರವಿಲ್ಲ. ತೊಟ್ಟಿಯಿಲ್ಲ, ಕೊಂಬೆಯ ರಾಶಿಯಿಲ್ಲ, ಬಳ್ಳಿಬೇಲಿಯಿಲ್ಲ. ನಾಲ್ಕನ್ನೂ ಏಪ್ರಿಲ್ ಹನ್ನೆರಡರಂದು ನಾನೇ ನಿಂತು ತೆಗೆಸಿದೆ. ಶೆಡ್ಡು, ಇಟ್ಟಿಗೆ, ಗುಂಡಿ ಮೂರೂ ಇದ್ದಲ್ಲೇ ಇವೆ.

ನೀವು ಆ ನಾಲ್ಕರ ಕೆಳಗೆ ಚುಕ್ಕೆ ಇಟ್ಟಿದ್ದಿರಿ. ಈ ಮೂರರ ಮೇಲೆ ಗೆರೆ ಹೊಡೆದಿದ್ದಿರಿ. ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ನನ್ನ ಕಣ್ಣಿಗೆ ಅದು ಬಟ್ಟೆಯಾಗಿ ಕಂಡಿತು. ನನಗೆ ಕತ್ತರಿ ಹಿಡಿಯಲು ಕಲಿಸಿದ ದರ್ಜಿ ಮೊದಲ ದಿನವೇ ಹೇಳಿದ್ದರು: "ಬಳಪದ ಚುಕ್ಕೆ ಇದ್ದಲ್ಲಿ ಕತ್ತರಿ ಹೋಗ್ಲಿ. ಗುರುತು ತಪ್ಪಾಗಿದ್ರೆ ಅದರ ಮೇಲೊಂದು ಗೆರೆ ಹೊಡೀತೀನಿ, ಅದನ್ನ ಮುಟ್ಬೇಡ." ಮೂವತ್ತೊಂದು ವರ್ಷ ಚುಕ್ಕೆಯಿದ್ದಲ್ಲಿ ಕತ್ತರಿಸಿದ್ದೇನೆ. ನಿಮ್ಮ ಚುಕ್ಕೆಗಳಿಗೆ ಬೇರೆ ಅರ್ಥವಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಮರ ಸತ್ತಿಲ್ಲವೆಂದು ಬರೆದ ಕೈಯೇ ಅದಕ್ಕೆ ಚುಕ್ಕೆ ಇಟ್ಟಿತಲ್ಲ ಎಂದು ಒಂದು ವಾರ ಉರಿದೆ. ಕಚೇರಿಗೆ ಹೆದರಿ ಸಹಿ ಹಾಕಿದ್ದೀರೆಂದುಕೊಂಡೆ. ನನಗೆ ಬಹಳ ಬೇಕಾದದ್ದೊಂದು ಹೋಗಲಿದೆಯೆಂದು ನೀವೇ ಬರೆದಿದ್ದಿರಿ. ಅದು ಮರವಲ್ಲದೆ ಬೇರೇನಿರಲು ಸಾಧ್ಯ? ತಿರುಗಿ ಕೇಳಬೇಡವೆಂದೂ ಬರೆದಿದ್ದಿರಿ. ದಾದಿ, "ಒಂದು ಕಾಗದ ಹಾಕಿ ಕೇಳ್ಬಾರ್ದಾ ಅಕ್ಕ?" ಎಂದಳು. "ನಮ್ಮಣ್ಣ ಒಂದು ಸಲ ಹೇಳಿದ್ದನ್ನ ಎರಡನೇ ಸಲ ಹೇಳೋರಲ್ಲ" ಎಂದು ಅವಳ ಮೇಲೆಯೇ ಹರಿಹಾಯ್ದೆ.

ನೀವು ಗೂಬೆಯ ಮರಿಗಳನ್ನು ವಿಚಾರಿಸಿ ಬರೆದಾಗ ಮೊದಲು ಹಂಗಿಸುತ್ತಿದ್ದೀರೆಂದುಕೊಂಡೆ. ಆಮೇಲೆ, ಮರ ಇದೆಯೆಂದೇ ಕೇಳುತ್ತಿದ್ದೀರೆಂದು ಹೊಳೆಯಿತು. ಹಿಂದೊಮ್ಮೆ ನೀವು ಪೊಟ್ಟಣ ಕಟ್ಟಿ ಕಳುಹಿಸಿದ್ದ ಹಳೆಯ ಕರಡಿನ ಹಾಳೆಯೊಂದು ನನ್ನ ಪೆಟ್ಟಿಗೆಯ ತಳದಲ್ಲಿತ್ತು. ಹುಡುಕಿ ತೆಗೆದೆ. ಅದರಲ್ಲಿ ಒಂದು ಮಾತಿನ ಕೆಳಗೆ ಚುಕ್ಕೆಗಳ ಸಾಲು. ಅಂಚಿನಲ್ಲಿ ನಿಮ್ಮ ಅಕ್ಷರದಲ್ಲಿ 'ಇರಲಿ' ಎಂದಿತ್ತು.

ಇರಲಿ ಎಂದದ್ದನ್ನೆಲ್ಲ ತೆಗೆಸಿಬಿಟ್ಟಿದ್ದೇನೆ. ಗೋಡೆಗೆ ತೇವವಿಲ್ಲ. ಕಿಟಕಿ ತೆರೆದರೆ ನಿಮಗೆ ತೋರಿಸಲು ಏನೂ ಇರಲಿಲ್ಲ. ಅದಕ್ಕೆ ಬರಬೇಡಿ ಎಂದೆ. ನಕ್ಷೆಯನ್ನು ಇದರೊಳಗೆ ಇಟ್ಟಿದ್ದೇನೆ. ನೀವೇ ನೋಡಿ.

ಸೂಜಿ


೧ ಜುಲೈ

ಸೂಜಿಗೆ ಆಶೀರ್ವಾದಗಳು.

ಈ ಅಕ್ಷರ ನನ್ನದಲ್ಲ, ಔಷಧಿ ಅಂಗಡಿಯಾಕೆಯದು. ನಾನು ಹೇಳುತ್ತಿದ್ದೇನೆ, ಆಕೆ ಬರೆಯುತ್ತಿದ್ದಾಳೆ. ನಕ್ಷೆಯನ್ನು ನೋಡೆಂದಿದ್ದೀಯೆ. ನೋಡಲಾರೆ.

ಕಣ್ಣು ಹೋಗತೊಡಗಿ ಒಂದು ವರ್ಷವಾಯಿತು. ಅಂಚಿನಲ್ಲಿ ಬೆಳಕಿದೆ; ನಡುವೆ ಏನೂ ಇಲ್ಲ. ಯಾವ ಅಕ್ಷರವನ್ನು ದಿಟ್ಟಿಸುತ್ತೇನೋ ಆ ಅಕ್ಷರವೇ ಮಾಯವಾಗುತ್ತದೆ. ಜನವರಿಯಲ್ಲಿ ನಿನ್ನ ಪತ್ರವನ್ನು ಭೂತಗನ್ನಡಿ ಹಿಡಿದು ನಾಲ್ಕು ದಿನ ಓದಿ ಆ ತಪ್ಪುಗಳನ್ನು ಹುಡುಕಿದೆ, ಅವೇ ಕೊನೆಯವು. ಮಾರ್ಚ್‌ನಲ್ಲಿ ಒಂದು ತಪ್ಪೂ ಕಾಣಲಿಲ್ಲವೆಂದು ಬರೆದದ್ದು ದಿಟ. ಕಾಣಲಿಲ್ಲ.

ನಿನ್ನ ನಕ್ಷೆ ಬಂದಾಗ ಈಕೆ ಹೆಸರುಗಳನ್ನು ಒಂದೊಂದಾಗಿ ಓದಿ ನನ್ನ ಬೆರಳನ್ನು ಅವುಗಳ ಮೇಲಿಟ್ಟಳು. 'ಇದು ಉಳಿಯಲಿ, ಇದು ಹೋಗಲಿ' ಎಂದು ಈಕೆಯಿಂದ ಬರೆಸಬಹುದಿತ್ತು. ಬರೆಸಲಿಲ್ಲ. ನನ್ನ ಗುರುತು ನನ್ನ ಕೈಯಿಂದಲೇ ಆಗಬೇಕೆಂಬ ಗರ್ವ. ಪತ್ರಗಳನ್ನು ರಟ್ಟಿನ ಅಂಚು ಹಿಡಿದು ಹೇಗೋ ಬರೆಯುತ್ತಿದ್ದೆ; ನಕ್ಷೆಯ ಇಕ್ಕಟ್ಟಿನಲ್ಲಿ ವಾಕ್ಯ ಬರೆದರೆ ಸಾಲು ಸಾಲಿನ ಮೇಲೆ ಹತ್ತುತ್ತಿತ್ತು, ನಿನಗೆ ತಿಳಿದುಬಿಡುತ್ತಿತ್ತು. ಚುಕ್ಕೆ ಇಡಲು ಕಣ್ಣು ಬೇಕಾಗಿರಲಿಲ್ಲ. ನಿನಗೆ ಬಹಳ ಬೇಕಾದದ್ದೆಂದು ನಾನು ಬರೆದದ್ದು ನಿನ್ನ ಯಜಮಾನರ ಶೆಡ್ಡನ್ನು. ಹಾವು ಅಲ್ಲಿಯೇ ಇದ್ದದ್ದು, ದೂರು ಬಂದದ್ದು ಅದರಿಂದಲೇ.

ಮಂಚವನ್ನು ಕಿಟಕಿಯ ಬಳಿ ಹಾಕೆಂದದ್ದು ನೋಡುವುದಕ್ಕಲ್ಲ. ಇನ್ನು ಉಳಿದ ಕಾಲವನ್ನು ಆ ದನಿಗಳ ನಡುವೆ ಕಳೆಯಬಹುದೆಂದುಕೊಂಡಿದ್ದೆ. ಬೆಳಗ್ಗೆ ಕಾಗೆ, ಬಿಸಿಲಿಗೆ ಮರಕುಟಿಗ, ಸಂಜೆಗೆ ಗೂಬೆ. ಗಡಿಯಾರ ಕಾಣದವನಿಗೆ ಹೊತ್ತು ತಿಳಿಯುತ್ತಿತ್ತು. ನೀನು ಬರೆದ ಪತ್ರ ನನಗೆ ಬಾಯಿಪಾಠವಾಗಿದೆ.

ನಿನ್ನ ತಪ್ಪಿಲ್ಲ. ಓದುವವನಿಗೆ ತಿಳಿಯದ ಗುರುತನ್ನು ಹಾಕಿದವನದೇ ತಪ್ಪು. ಇದನ್ನು ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೆನೋ.

ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬಂದರೆ ನಾನು ಎಲ್ಲಿದ್ದರೂ ಸರಿ. ಮರ ಕಡಿದ ದಿನ ಪೊಟರೆಯಲ್ಲಿ ಮರಿಗಳಿದ್ದವೆ? ಎರಡು ವಾರದಿಂದ ಬೇರೇನನ್ನೂ ಯೋಚಿಸಲಾಗುತ್ತಿಲ್ಲ. ಈಕೆ ಓದುತ್ತಾಳೆ, ನಾನು ಕೇಳುತ್ತೇನೆ.

ಅಣ್ಣ


೯ ಜುಲೈ

ಅಣ್ಣನಿಗೆ ನಮಸ್ಕಾರಗಳು.

ಮರಿಗಳಿರಲಿಲ್ಲ. ಮೊಟ್ಟೆ ಮಾರ್ಚ್ ಕೊನೆಯಲ್ಲಿಯೇ ಕೆಟ್ಟು ಹೋಗಿತ್ತೆಂದು ದಾದಿ ಹೇಳಿದಳು. ಆಳುಗಳು ಬರುವುದಕ್ಕೆ ನಾಲ್ಕು ದಿನ ಮೊದಲೇ ಎರಡು ಗೂಬೆಗಳೂ ಎದ್ದು ಹೋಗಿದ್ದವು. ಪೊಟರೆ ಬರಿದಾಗಿತ್ತು. ನಾನೇ ಏಣಿ ಹತ್ತಿ ಕೈ ಹಾಕಿ ನೋಡಿದ ಮೇಲೆ ಕೊಡಲಿ ಹಾಕಿಸಿದೆ.

ಚಿಂದಿಯ ಮೂಟೆಗಳನ್ನು ತೆಗೆಸಿದ್ದೇನೆ. ಮಂಚ ಹಾಕಿದೆ. ಕೇಳುವುದಕ್ಕೆ ಇಲ್ಲಿ ಹೆಚ್ಚೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿಳಿದಾಗ ತಗಡು ಟಿಕ್ಕೆನ್ನುತ್ತದೆ. ದಾದಿ ಬಾಗಿಲು ತಳ್ಳಿದರೆ ಕಿರುಗುಟ್ಟುತ್ತದೆ. ಮಿಕ್ಕಂತೆ ನಾವಿಬ್ಬರೇ ಮಾತಾಡಿಕೊಳ್ಳಬೇಕು. ಇಪ್ಪತ್ತನೆಯ ತಾರೀಖು ನಾನೇ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇನೆ. ವೃದ್ಧಾಶ್ರಮದವರಿಗೆ ಏನು ಹೇಳಬೇಕೋ ಹೇಳಿ.

ಸೂಜಿ


೯ ಜುಲೈ

ಔಷಧಿ ಅಂಗಡಿಯ ಅಮ್ಮನವರಿಗೆ ನಮಸ್ಕಾರಗಳು.

ಲಕೋಟೆಯನ್ನು ನಿಮ್ಮ ಅಂಗಡಿಯ ವಿಳಾಸಕ್ಕೇ ಕಳುಹಿಸಿದ್ದೇನೆ. ಈ ಎರಡನೆಯ ಹಾಳೆ ನಿಮಗೆ. ಅಣ್ಣನ ಬಳಿಗೆ ಪತ್ರ ಒಯ್ಯುವ ಮೊದಲು ಇದನ್ನು ಒಬ್ಬರೇ ಓದಿಕೊಂಡು ಹರಿದುಹಾಕಿ. ಹಾಳೆಗಳ ಸದ್ದು ಅವರಿಗೆ ತಿಳಿಯುತ್ತದೆ. ಒಂದೇ ಹಾಳೆ ಇರಲಿ.

ಪೊಟರೆಯಲ್ಲಿ ಮೂರು ಮರಿಗಳಿದ್ದವು. ನನಗೆ ಗೊತ್ತಿತ್ತು. ಗಡುವು ಹತ್ತಿರವಾಗುವವರೆಗೆ ಆಳುಗಳನ್ನು ಮುಂದೂಡಿದೆ. ಪೊಟರೆಯಿದ್ದ ತುಂಡಿಗೆ ಹಗ್ಗ ಕಟ್ಟಿ ಹಾಗೆಯೇ ಇಳಿಸಿರೆಂದು ಹೇಳಿದ್ದೆ. ಹಗ್ಗ ಜಾರಿತು. ಎರಡು ಅಲ್ಲಿಯೇ ಹೋದವು. ಮೂರನೆಯದನ್ನು ದಾದಿ ಹತ್ತಿಯ ಪೆಟ್ಟಿಗೆಯಲ್ಲಿಟ್ಟು ಒಂಬತ್ತು ದಿನ ಬದುಕಿಸಿದಳು. ದೊಡ್ಡವು ಎರಡೂ ಎದುರುಮನೆಯ ತಂತಿಯ ಮೇಲೆ ಕುಳಿತು ಐದಾರು ಸಂಜೆ ಕೂಗಿದವು. ಆಮೇಲೆ ಬರಲಿಲ್ಲ.

ಇದನ್ನು ಅಣ್ಣನಿಗೆ ಹೇಳಬೇಡಿ. ನನಗೆ ಇದು ಅಭ್ಯಾಸವಾಗಿದೆ, ಅವರಿಗೆ ಆಗುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಅವರು ಎಲ್ಲರ ಬರಹದಲ್ಲೂ ತಪ್ಪು ಹಿಡಿದವರು, ಈಗ ಕಿವಿಯೊಂದೇ ಉಳಿದಿದೆ. 'ಮರಿಗಳಿರಲಿಲ್ಲ' ಎಂಬಲ್ಲಿ ನಿಮ್ಮ ದನಿ ಒಂದಿಷ್ಟು ತಡವರಿಸಿದರೂ ಅಲ್ಲಿಯೇ ಹಿಡಿಯುತ್ತಾರೆ. ಅಂಗಡಿಯಲ್ಲಿ ಜನರಿಲ್ಲದ ಹೊತ್ತಿನಲ್ಲಿ ಆ ಸಾಲನ್ನು ನಾಲ್ಕಾರು ಸಲ ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಿ. ಆಮೇಲೆ ಮೇಲೆ ಹೋಗಿ, ಎಲ್ಲಿಯೂ ನಿಲ್ಲದೆ ಓದಿ.